ಊಟದ ಡಬ್ಬಿಯಷ್ಟು ಪೆಟ್ಟಿಗೆಗೆ ಆರುನೂರು ಅಡಿ ಆಳದ ನೀರು ಕಾಣುತ್ತದೆಯೇ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ನಾಲ್ಕು ಎಕರೆ ಮಸಾರಿ ಹೊಲದಲ್ಲಿ ದಾಳಿಂಬೆ ಇದೆ. ಇದುವರೆಗೆ ಐದು ಬೋರು ಕೊರೆಸಿದ್ದೇವೆ. ಮೂರರಲ್ಲಿ ಬರೀ ಧೂಳು ಬಂತು, ಒಂದು ಎರಡೇ ವರ್ಷಕ್ಕೆ ಬತ್ತಿತು, ಉಳಿದ ಒಂದರಲ್ಲಿ ಒಂದೂವರೆ ಇಂಚು ನೀರು. ಕಳೆದ ತಿಂಗಳು ಒಬ್ಬರು ಬಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ತೋರಿಸಿದರು. ಅದರೊಳಗೆ ಲೇಸರಿನಿಂದ ಪರಮಾಣುಗಳನ್ನು ಮೈನಸ್ 273.15 ಡಿಗ್ರಿಗಿಂತಲೂ ಕೆಳಗೆ ತಣ್ಣಗೆ ಮಾಡಿ ಹಿಡಿದಿಟ್ಟಿದ್ದಾರಂತೆ. ನಾಸಾದವರು, ಇಂಗ್ಲೆಂಡಿನವರು ಇದನ್ನೇ ಬಳಸುತ್ತಾರಂತೆ. ಆರುನೂರು ಅಡಿ ಆಳದಲ್ಲಿ ಎಷ್ಟು ಇಂಚು ನೀರಿದೆ ಎಂದು ಎರಡೇ ನಿಮಿಷದಲ್ಲಿ ಹೇಳುತ್ತದಂತೆ. ಒಂದು ಪಾಯಿಂಟಿಗೆ 35,000 ರೂಪಾಯಿ, ಅರ್ಧ ಮುಂಗಡ. ನನ್ನ ಅಕ್ಕನ ಮಗ ಆರು ಲಕ್ಷ ಕೊಟ್ಟರೆ ಎರಡು ತಾಲ್ಲೂಕಿನ ಏಜೆನ್ಸಿ ಕೊಡುತ್ತಾರಂತೆ. ಪೆಟ್ಟಿಗೆಯನ್ನು ಮುಟ್ಟಿ ನೋಡಿದೆ. ತಣ್ಣಗಿರಲಿಲ್ಲ, ಬೆಚ್ಚಗಿತ್ತು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವ ಮಗಳು "ಅಪ್ಪಾ, ಲೇಸರಿನಿಂದ ತಣ್ಣಗೆ ಮಾಡುವುದು ನಿಜ, ಅದಕ್ಕೆ ನೊಬೆಲ್ ಬಂದಿದೆ" ಎನ್ನುತ್ತಾಳೆ. ನಿಜ ಎಷ್ಟು, ಸುಳ್ಳು ಎಷ್ಟು?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಪೆಟ್ಟಿಗೆ ಬೆಚ್ಚಗಿತ್ತೆಂದು ನೀವು ಗಮನಿಸಿದ್ದೂ ಸರಿ. ಆದರೆ ಬೆಚ್ಚಗಿದ್ದ ಮಾತ್ರಕ್ಕೆ ಅದು ಸುಳ್ಳು ಪೆಟ್ಟಿಗೆ ಎನ್ನಲಾಗದು, ಏಕೆಂದರೆ ನಿಜವಾದ ಯಂತ್ರವೂ ಬೆಚ್ಚಗೇ ಇರುತ್ತದೆ. ಇಂಥ ವ್ಯಾಪಾರದಲ್ಲಿ ಹತ್ತು ಮಾತಿಗೆ ಆರು ನಿಜವಿರುತ್ತವೆ, ಉಳಿದ ನಾಲ್ಕು ಅವುಗಳ ನೆರಳಿನಲ್ಲಿ ಬಂದು ಕೂರುತ್ತವೆ. ಬಿಡಿಸಿ ನೋಡುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಅಷ್ಟರೊಳಗೆ ಅವರು ಮತ್ತೆ ಮನೆ ಬಾಗಿಲಿಗೆ ಬಂದರೆ ಮುಂಗಡ ಮಾತ್ರ ಕೊಡಬೇಡಿ.

ನಾನು ಇಪ್ಪತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿದ್ದು ರುಬಿಡಿಯಂ ಎಂಬ ಲೋಹದ ಪರಮಾಣುಗಳೊಂದಿಗೆ. ಮೆತ್ತನೆಯ ಲೋಹ. ಸುಮಾರು 39 ಡಿಗ್ರಿಗೆ ಕರಗುತ್ತದೆ, ಅಂದರೆ ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮೇಜಿನ ಮೇಲಿಟ್ಟ ಗಾಜಿನ ಕೊಳವೆಯೊಳಗೆ ತಾನೇ ನೀರಾಗಿಬಿಡುತ್ತದೆ. ಅದರ ಆವಿಯಲ್ಲಿರುವ ಪರಮಾಣುಗಳು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ದಿಕ್ಕೆಟ್ಟು ಓಡುತ್ತಿರುತ್ತವೆ. ಬಿಸಿ ಎಂದರೆ ಈ ಓಟವೇ, ತಂಪು ಮಾಡುವುದೆಂದರೆ ಓಟ ನಿಲ್ಲಿಸುವುದು. ಅದಕ್ಕೆ ಮಂಜುಗಡ್ಡೆಯೂ ಬೇಡ, ಕಂಪ್ರೆಸರೂ ಬೇಡ. ಎದುರಿನಿಂದ ಬೆಳಕು ಹೊಡೆಯಬೇಕು.

ಎದುರಿಗೆ ನುಗ್ಗಿ ಬರುವ ಹೋರಿಗೆ ಜೋಳದ ಕಾಳು ಎಸೆದು ನಿಲ್ಲಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ನಾವು ಮಾಡುವುದು ಬಹುಮಟ್ಟಿಗೆ ಅದನ್ನೇ. ಬೆಳಕಿನ ಒಂದು ಕಣ ಬಡಿದರೆ ಪರಮಾಣುವಿನ ವೇಗ ಸೆಕೆಂಡಿಗೆ ಆರು ಮಿಲಿಮೀಟರಿನಷ್ಟು ಮಾತ್ರ ತಗ್ಗುತ್ತದೆ. ಪೂರ್ತಿ ನಿಲ್ಲಿಸಲು ಸುಮಾರು 50,000 ಏಟು ಬೇಕು. ಆದರೆ ಸರಿಯಾದ ಬಣ್ಣದ ಲೇಸರ್ ಇದ್ದರೆ ಅಷ್ಟೂ ಏಟು ಕೆಲವೇ ಮಿಲಿಸೆಕೆಂಡುಗಳಲ್ಲಿ ಬೀಳುತ್ತವೆ. ಇಲ್ಲಿ ಒಂದು ಜಾಣತನವಿದೆ. ಗುಂತಕಲ್ ಕಡೆಯಿಂದ ರೈಲು ಹತ್ತಿರ ಬರುವಾಗ ಅದರ ಸಿಳ್ಳು ಏರಿ ಕೇಳುತ್ತದೆ, ದಾಟಿ ಹೋಗುವಾಗ ಇಳಿದು ಕೇಳುತ್ತದೆ. ಬೆಳಕಿನದೂ ಹಾಗೆಯೇ. ಲೇಸರಿನ ಶ್ರುತಿಯನ್ನು ಪರಮಾಣುವಿನ ಶ್ರುತಿಗಿಂತ ಕೂದಲೆಳೆಯಷ್ಟು ಇಳಿಸಿಟ್ಟರೆ, ಬೆಳಕಿಗೆ ಎದುರಾಗಿ ಓಡಿಬರುವ ಪರಮಾಣುವಿಗೆ ಮಾತ್ರ ಅದು ಹೊಂದುತ್ತದೆ. ಎದುರು ಬಂದವನಿಗೆ ಏಟು, ಸುಮ್ಮನೆ ನಿಂತವನಿಗೆ ಬಹುಮಟ್ಟಿಗೆ ಇಲ್ಲ.

ಈ ಯೋಚನೆಯನ್ನು ಹೆನ್ಶ್ ಮತ್ತು ಶಾಲೋ ಮುಂದಿಟ್ಟದ್ದು 1975ರಲ್ಲಿ. ಸ್ಟೀವನ್ ಚೂ ಅವರ ತಂಡ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದು 1985ರಲ್ಲಿ. ಎರಡು ವರ್ಷದ ಬಳಿಕ, ಆರು ದಿಕ್ಕಿನಿಂದ ಲೇಸರ್ ಬಿಟ್ಟು, ಮೇಲೊಂದು ಕೆಳಗೊಂದು ತಂತಿಸುರುಳಿಯ ಕಾಂತಕ್ಷೇತ್ರ ಸೇರಿಸಿ, ನಿಧಾನವಾದ ಪರಮಾಣುಗಳನ್ನು ನಡುವೆ ಒಂದೆಡೆ ಕೂಡಿಹಾಕುವ ಬಲೆ ಬಂತು. ನಿಮ್ಮ ಮಗಳು ಹೇಳಿದ ನೊಬೆಲ್ 1997ರದು, ಚೂ, ಕೋಹೆನ್-ತಾನೂಜಿ ಮತ್ತು ಫಿಲಿಪ್ಸ್ ಅವರಿಗೆ ಸಂದದ್ದು.

ನಾನು ಮೊದಲ ಬಾರಿ ಬಲೆ ಹಾಕಿದ ದಿನ ಕತ್ತಲೆ ಕೋಣೆಯಲ್ಲಿ ಹಳೆಯ ಸಿಸಿಟಿವಿ ಪರದೆಯ ಮುಂದೆ ಕೂತಿದ್ದೆ. ಗಾಜಿನ ಕೋಶದ ನಟ್ಟನಡುವೆ, ಯಾವುದಕ್ಕೂ ತಾಗದೆ, ಜೋಳದ ಕಾಳಿನಷ್ಟು ಬೆಳ್ಳಗಿನ ಚುಕ್ಕೆ ತೇಲುತ್ತಿತ್ತು. ಸುರುಳಿಯ ಸ್ವಿಚ್ ಆರಿಸಿದೆ, ಮಾಯವಾಯಿತು. ಹಾಕಿದೆ, ಒಂದು ಸೆಕೆಂಡಿನಲ್ಲಿ ಮತ್ತೆ ತುಂಬಿಕೊಂಡಿತು. ಆ ಸಂಜೆ ಇಪ್ಪತ್ತು ಸಲವಾದರೂ ಹಾಗೆ ಮಾಡಿರಬೇಕು. ಆ ಚುಕ್ಕೆಯಲ್ಲಿ ಕೋಟಿಗಟ್ಟಲೆ ಪರಮಾಣುಗಳಿದ್ದರೂ ಅವುಗಳ ತೂಕ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಒಂದು ಹನಿ ನೀರನ್ನೂ ಅವು ತಂಪು ಮಾಡಲಾರವು. ಸುತ್ತ ಲೇಸರು, ವಿದ್ಯುತ್ ಸುರುಳಿ, ಸರ್ಕ್ಯೂಟುಗಳು ಬಿಸಿಯಾಗುತ್ತಲೇ ಇರುತ್ತವೆ. ಪೆಟ್ಟಿಗೆ ಬೆಚ್ಚಗಿರುವುದು ಅದಕ್ಕೇ.

"ಮೈನಸ್ 273.15ಕ್ಕಿಂತ ಕೆಳಗೆ" ಎಂದದ್ದು ಮಾತ್ರ ಬಾಯಿಗೆ ಬಂದ ಮಾತು. ಮೈನಸ್ 273.15 ಎನ್ನುವುದು ಓಟದ ತಳ. ನಮ್ಮ ಪರಮಾಣುಗಳು ಆ ತಳದಿಂದ ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮೇಲಿರುತ್ತವೆ. ತಳದ ಕೆಳಗೆ ಇಳಿಸಿದ್ದೇವೆ ಎನ್ನುವವರು ಈ ಕೆಲಸವನ್ನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲ.

ಇನ್ನು ಗಾತ್ರದ ವಿಷಯ. ನಾನು ಕೆಲಸ ಕಲಿತ ಕಾಲದಲ್ಲಿ ಈ ಯಂತ್ರವೆಂದರೆ ಜೋಡಿ ಮಂಚದಷ್ಟು ದೊಡ್ಡ ಕಬ್ಬಿಣದ ಮೇಜು, ಅದರ ತುಂಬ ನೂರಾರು ಕನ್ನಡಿ ಮತ್ತು ಮಸೂರ. ಆರು ಕಿರಣಗಳಿಗೆ ಆರು ಕಿಟಕಿ, ಒಂದೊಂದು ಕಿಟಕಿಗೂ ಒಂದು ದಂಡು ಗಾಜು. ಬಾಗಿಲನ್ನು ಜೋರಾಗಿ ಹಾಕಿದರೂ ಕನ್ನಡಿ ಅಲುಗಿ ಬಲೆ ಹರಿಯುತ್ತಿತ್ತು. ಇದನ್ನು ಕುಗ್ಗಿಸುವ ಪ್ರಯತ್ನ ಬೇಗನೆ ಶುರುವಾಯಿತು. 1996ರಲ್ಲಿ ಕೊರಿಯಾದ ತಂಡವೊಂದು ಪಿರಮಿಡ್ಡಿನಂತೆ ಒಳಗೆ ಇಳಿದ ಕನ್ನಡಿಗಳ ಗುಳಿಗೆ ಒಂದೇ ಕಿರಣ ಬಿಟ್ಟು ಉಳಿದ ಐದನ್ನು ಪ್ರತಿಫಲನದಿಂದಲೇ ಪಡೆಯಿತು. ನನಗೆ ಬಹಳ ಮೆಚ್ಚುಗೆಯಾದದ್ದು ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಉಪಾಯ. ನಿಮ್ಮ ಮನೆಯಲ್ಲಿ ಹಳೆಯ ಸಿ.ಡಿ. ಇದ್ದರೆ ಬೆಳಕಿಗೆ ಹಿಡಿಯಿರಿ. ಅದರ ಗೆರೆಗಳು ಬೆಳಕನ್ನು ಓರೆಯಾಗಿ ಚೆಲ್ಲುವುದರಿಂದಲೇ ಅಲ್ಲಿ ಬಣ್ಣ ಕಾಣುವುದು. ಗೆರೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಪಾಲಿನ ಆಸುಪಾಸು. ಹೆಚ್ಚುಕಡಿಮೆ ಅಷ್ಟೇ ಅಂತರದ ಗೆರೆಗಳನ್ನು ಅವರು ಎರಡು ಸೆಂಟಿಮೀಟರ್ ಅಗಲದ ಬಿಲ್ಲೆಯ ಮೇಲೆ ಮೂರು ದಿಕ್ಕಿಗೆ ಕೆತ್ತಿದರು. ಮೇಲಿನಿಂದ ಒಂದು ಕಿರಣ ಬಿಟ್ಟರೆ ಅದು ಮೂರಾಗಿ ಚೆದುರಿ ಓರೆಯಾಗಿ ಮೇಲಕ್ಕೆ ಬರುತ್ತದೆ. ಬಂದದ್ದು ಒಂದು, ಚೆದುರಿದ್ದು ಮೂರು, ಆ ನಾಲ್ಕೇ ಸೇರಿ ಬಲೆಯಾಗುತ್ತವೆ. ಬಿಲ್ಲೆಯ ಮೇಲೆ ಕೆಲವೇ ಮಿಲಿಮೀಟರ್ ಎತ್ತರದಲ್ಲಿ ಪರಮಾಣುಗಳ ಮೋಡ ಕೂರುತ್ತದೆ. ಒಂದು ಮಂಚದಷ್ಟು ಕನ್ನಡಿಗಳ ಕೆಲಸವನ್ನು ಅಂಚೆಚೀಟಿಯಷ್ಟು ಬಿಲ್ಲೆ ಮಾಡಿತು.

ಹಾಗಾದರೆ ಊಟದ ಡಬ್ಬಿ ಸಾಧ್ಯ ತಾನೇ? ಇಲ್ಲಿಯೇ ಜನ ಮೋಸಹೋಗುವುದು. ಹೊಲದ ಕೋಣೆಯ ಗೋಡೆಗೆ ಹಾಕಿರುವ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತೋರಿಸಿ "ನೋಡಿ, ಬೋರ್‌ವೆಲ್ ಎಂದರೆ ಇಷ್ಟೇ" ಎಂದರೆ ಹೇಗೆ? ಬಿಲ್ಲೆ ಚಿಕ್ಕದಾಯಿತು, ಅದರ ಸಂಸಾರ ಚಿಕ್ಕದಾಗಲಿಲ್ಲ. ಪರಮಾಣುಗಳಿಗೆ ಗಾಳಿ ತಾಗಬಾರದು, ಅದಕ್ಕೆ ತೀವ್ರ ನಿರ್ವಾತ ಬೇಕು. ಗಾಳಿಯಲ್ಲಿರುವ ಅಷ್ಟಿಷ್ಟು ಹೀಲಿಯಂ ಮಾಮೂಲಿ ಗಾಜನ್ನೇ ತೂರಿ ನಿಧಾನವಾಗಿ ಒಳಗೆ ಬರುತ್ತದೆ. ವಿದ್ಯುತ್ ಪಂಪಿಲ್ಲದ ಪುಟ್ಟ ಕೋಶವೊಂದು 200 ದಿನಕ್ಕೂ ಹೆಚ್ಚು ಕಾಲ ತಣ್ಣನೆಯ ಪರಮಾಣುಗಳನ್ನು ಉಳಿಸಿಕೊಂಡದ್ದೇ 2021ರಲ್ಲಿ ನಮ್ಮ ವಲಯದಲ್ಲಿ ದೊಡ್ಡ ಸುದ್ದಿಯಾಗಿತ್ತು.

ಲೇಸರಿನ ಗೋಳು ಇನ್ನೂ ದೊಡ್ಡದು. ಅದರ ಶ್ರುತಿ ಆರು ಕೋಟಿಯಲ್ಲಿ ಒಂದು ಪಾಲಿನಷ್ಟು ಕರಾರುವಾಕ್ಕಾಗಿ ನಿಲ್ಲಬೇಕು. ಆದರೆ ಸಾದಾ ಲೇಸರ್ ಡಯೋಡ್ ಒಂದು ಡಿಗ್ರಿ ಬಿಸಿಯಾದರೆ ಸಾಕು, ಅದರ ಸಾವಿರಾರು ಪಟ್ಟು ಆಚೆ ಜಾರುತ್ತದೆ. ಒಂದು ಮೇ ತಿಂಗಳಲ್ಲಿ ನಮ್ಮ ಪ್ರಯೋಗಾಲಯದ ಏಸಿ ಕೆಟ್ಟು ಕೋಣೆ ನಾಲ್ಕು ಡಿಗ್ರಿ ಬಿಸಿಯಾಯಿತು. ಉಷ್ಣತೆ ಕಾಯುವ ಸರ್ಕ್ಯೂಟಿಗೂ ಅದನ್ನು ತಡೆಯಲಾಗದೆ ಮೂರು ದಿನ ಬಲೆಗೆ ಏನೂ ಬೀಳಲಿಲ್ಲ. ನಾವು ಟೇಬಲ್ ಫ್ಯಾನ್ ಇಟ್ಟುಕೊಂಡು ದೇವರ ಧ್ಯಾನ ಮಾಡಿದೆವು. ಕುಷ್ಟಗಿಯ ಬಿಸಿಲಿನಲ್ಲಿ, ಬೈಕಿನ ಸೀಟಿನ ಮೇಲೆ ಬಂದ ಪೆಟ್ಟಿಗೆ ಎರಡು ನಿಮಿಷದಲ್ಲಿ ಸಿದ್ಧವಾಗುತ್ತದೆ ಎಂದರೆ ಆ ಮೂರು ದಿನ ನೆನಪಾಗುತ್ತವೆ.

ಕುಗ್ಗಿಸುವುದಕ್ಕೆ ಬೆಲೆಯೂ ತೆರಬೇಕು. ಕಿರಣದ ಅಗಲ ಅರ್ಧವಾದರೆ ಬಲೆಗೆ ಬೀಳುವ ಪರಮಾಣುಗಳು ಅರ್ಧವಾಗುವುದಿಲ್ಲ, ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಕಿರಣ ತೀರ ಸಣ್ಣದಿದ್ದರೆ ಅರವತ್ತರಲ್ಲಿ ಒಂದು ಪಾಲು. ಪರಮಾಣು ಕಡಿಮೆಯಾದಷ್ಟೂ ಅಳತೆ ಮಸುಕು.

ಈಗ ನೀರಿನ ಮಾತು. ತಣ್ಣನೆಯ ಪರಮಾಣುಗಳಿಗೆ ನೀರು ಕಾಣುವುದಿಲ್ಲ. ಅವು ಹೇಳಬಲ್ಲದ್ದು ಕಾಲಗಡಿಯಾರದ ಬಡಿತ, ಕಾಂತಕ್ಷೇತ್ರ, ವೇಗದ ಬದಲಾವಣೆ, ಮತ್ತು ಗುರುತ್ವ, ಅಂದರೆ ಭೂಮಿ ಎಷ್ಟು ಜೋರಾಗಿ ಎಳೆಯುತ್ತಿದೆ ಎಂಬುದು. ಬಲೆಯನ್ನು ಆರಿಸಿ ಪರಮಾಣುಗಳನ್ನು ಕೆಳಗೆ ಬೀಳಲು ಬಿಡುತ್ತೇವೆ, ಬೀಳುವ ದಾರಿಯನ್ನು ಲೇಸರಿನ ಅಲೆಗಳಿಂದ ಅಳೆಯುತ್ತೇವೆ. ಕೆಳಗೆ ಹಗುರ ಪದಾರ್ಥ ಅಥವಾ ಪೊಳ್ಳು ಇದ್ದರೆ ಎಳೆತ ಒಂದಿಷ್ಟು ಕಡಿಮೆ, ಭಾರದ್ದಿದ್ದರೆ ಹೆಚ್ಚು. ಹೆಚ್ಚು ದೂರ ಬಿದ್ದಷ್ಟೂ ಅಳತೆ ನಿಖರ. ಊಟದ ಡಬ್ಬಿಯೊಳಗೆ ಬೀಳಲು ಇರುವುದು ಒಂದೆರಡು ಸೆಂಟಿಮೀಟರ್. ಬಿಲ್ಲೆಯನ್ನು ಎಷ್ಟು ಜಾಣತನದಿಂದ ಕೆತ್ತಿದರೂ ಬೀಳುವ ದೂರವನ್ನು ಕೆತ್ತಿ ತರಲಾಗದು. ಈ ಒಂದು ಕಾರಣಕ್ಕೇ ಒಳ್ಳೆಯ ಗುರುತ್ವಮಾಪಕಗಳು ಇಂದಿಗೂ ಸೊಂಟದೆತ್ತರಕ್ಕೆ ನಿಲ್ಲುತ್ತವೆ, ಪಕ್ಕದಲ್ಲಿ ಲೇಸರಿನ ಇನ್ನೊಂದು ಪೆಟ್ಟಿಗೆ ಇಟ್ಟುಕೊಂಡು. ಫ್ರಾನ್ಸಿನಲ್ಲಿ ತಯಾರಾದ ಅಂಥದ್ದೊಂದು 2020ರಲ್ಲಿ ಎಟ್ನಾ ಜ್ವಾಲಾಮುಖಿಯ ಮೇಲೇರಿ ಕೂತು ಅಳೆಯಿತು. ಅದರ ಬೆಲೆ ಕೋಟಿಗಳಲ್ಲಿ.

ನಿಮ್ಮ ಹೊಲದ ಲೆಕ್ಕ ಹಾಕೋಣ. ಭೂಮಿಯ ಎಳೆತದ ನೂರು ಕೋಟಿಯಲ್ಲಿ ಒಂದು ಪಾಲನ್ನು "ಒಂದು ಎಳೆ" ಎಂದು ಕರೆಯೋಣ, ಇದು ನನ್ನ ಅನುಕೂಲದ ಹೆಸರು. ಕುಷ್ಟಗಿ ಕಡೆ ಮೇಲೆ ಒಂದಿಷ್ಟು ಮಣ್ಣು ಮತ್ತು ಗರಸು, ಕೆಳಗೆ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಆಳದ ನೀರು ಇರುವುದು ಆ ಕಲ್ಲಿನ ಬಿರುಕುಗಳಲ್ಲಿ. ಹತ್ತು ಸೆಂಟಿಮೀಟರ್ ದಪ್ಪದ ಬಿರುಕು ತಾಲ್ಲೂಕಿನ ತುಂಬ ಹಾಸಿಗೆಯಂತೆ ಹರಡಿ ನೀರು ತುಂಬಿಕೊಂಡಿದೆ ಎಂದು ಉದಾರವಾಗಿ ಊಹಿಸಿದರೂ ಎಳೆತದಲ್ಲಿ ಆಗುವ ಕೊರತೆ ಸುಮಾರು ಏಳು ಎಳೆ. ನಿಜವಾದ ಬಿರುಕು ಬೆರಳಷ್ಟು, ಕೆಲವೊಮ್ಮೆ ದಾರದಷ್ಟು. ಹರವೂ ಚಿಕ್ಕದು, ಆಳವೋ ಆರುನೂರು ಅಡಿ. ಹಾಗಾಗಿ ಸಿಗುವುದು ಒಂದು ಎಳೆಗಿಂತಲೂ ಬಹಳ ಕಡಿಮೆ.

ಇದಕ್ಕೆ ಎದುರಾಗಿ ಯಂತ್ರದ ಕಾಲು ಉತ್ತ ಮಣ್ಣಿನಲ್ಲಿ ಒಂದು ಸೆಂಟಿಮೀಟರ್ ಹೂತುಕೊಂಡರೆ ಮೂರು ಎಳೆ ಏರುಪೇರು. ಸೂರ್ಯಚಂದ್ರರ ಸೆಳೆತದಿಂದ ದಿನದಲ್ಲಿ ನೂರಕ್ಕೂ ಹೆಚ್ಚು ಎಳೆ ಏರಿಳಿತ. ಎಟ್ನಾದ ಯಂತ್ರದ ಜಾತಿಯವಕ್ಕೆ ಒಂದು ಎಳೆಯ ನಿಖರತೆ ಮುಟ್ಟಲು ಒಂದೇ ಜಾಗದಲ್ಲಿ ಮುಕ್ಕಾಲು ಗಂಟೆ ನಿಂತು ಅಳೆಯಬೇಕು. ಗೆರೆಬಿಲ್ಲೆಯ ಬಲೆ ಇಟ್ಟು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 2022ರಲ್ಲಿ ಪ್ರಕಟಿಸಿದ ಅಚ್ಚುಕಟ್ಟಾದ ಯಂತ್ರದ ನಿಖರತೆ ಹತ್ತು ಲಕ್ಷದಲ್ಲಿ ಎರಡು ಪಾಲು, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಎಳೆ. ಜಗತ್ತಿನ ಮುಂಚೂಣಿಯ ಪ್ರಯೋಗಾಲಯವೊಂದರ ಪುಟ್ಟ ಯಂತ್ರಕ್ಕೆ ಎರಡು ಸಾವಿರ ಎಳೆ, ನಿಮ್ಮ ಹೊಲದಲ್ಲಿ ಹುಡುಕಬೇಕಾದದ್ದು ಒಂದಕ್ಕಿಂತ ಕಡಿಮೆ.

ಇನ್ನೊಂದು ತಮಾಷೆಯಿದೆ. ಕಲ್ಲಿಗಿಂತ ನೀರು ಹಗುರ, ನೀರಿಗಿಂತ ಗಾಳಿ ಇನ್ನೂ ಹಗುರ. ನೀರು ತುಂಬಿದ ಬಿರುಕು ಏಳು ಎಳೆ ತೋರಿಸಿದರೆ ಅದೇ ಬಿರುಕು ಬತ್ತಿದಾಗ ಹನ್ನೊಂದು ತೋರಿಸುತ್ತದೆ. ಗುರುತ್ವಯಂತ್ರವನ್ನು ಕಣ್ಣುಮುಚ್ಚಿ ನಂಬಿದರೆ ಅದು ಒಣ ಬಿರುಕಿನ ಕಡೆಗೇ ಹೆಚ್ಚು ಜೋರಾಗಿ ಕೈ ತೋರಿಸುತ್ತದೆ.

ಅವರು ಹೇಳಿದ ಇಂಗ್ಲೆಂಡಿನ ಕಥೆ ನಿಜ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ತಣ್ಣನೆಯ ಪರಮಾಣುಗಳಿಂದ ನೆಲದಡಿಯ ಸುರಂಗ ಪತ್ತೆ ಮಾಡಿ 2022ರಲ್ಲಿ ಪ್ರಕಟಿಸಿದರು. ಆದರೆ ಆ ಸುರಂಗದೊಳಗೆ ಮನುಷ್ಯ ನಡೆಯಬಹುದು, ಮತ್ತು ಅದು ಇದ್ದದ್ದು ನೆಲದಿಂದ ಒಂದು ಮೀಟರ್ ಕೆಳಗೆ. ನಾಸಾದ ಮಾತೂ ನಿಜ. ಅವರ ತಣ್ಣನೆಯ ಪರಮಾಣು ಪ್ರಯೋಗಾಲಯ 2018ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋಯಿತು, ಸಣ್ಣ ಫ್ರಿಜ್ಜಿನಷ್ಟು ದೊಡ್ಡದು, ನೀರು ಹುಡುಕಲು ಹೋದದ್ದಲ್ಲ. ಬೆಂಕಿಪೊಟ್ಟಣದ ಗಾತ್ರದ "ಪರಮಾಣು ಚಿಪ್" ಚಿತ್ರ ತೋರಿಸಿದ್ದರೆ ಅದು ಬಹುಶಃ ಗಡಿಯಾರದ್ದು. ಅಂಥ ಗಡಿಯಾರ 2011ರಿಂದಲೇ ಮಾರುಕಟ್ಟೆಯಲ್ಲಿದೆ, ಆದರೆ ಅದರೊಳಗಿನ ಪರಮಾಣುಗಳು ತಣ್ಣಗಿಲ್ಲ, ಬೇಕೆಂದೇ ಬಿಸಿ ಮಾಡಿಟ್ಟ ಆವಿ.

ಗುರುತ್ವ ಅಳೆಯುವುದು ನಿಮ್ಮ ಸೀಮೆಗೆ ಏನೂ ಉಪಯೋಗವಿಲ್ಲ ಎನ್ನುತ್ತಿಲ್ಲ. ಸಂಡೂರಿನ ಕಬ್ಬಿಣದ ಅದಿರು ಸುತ್ತಲಿನ ಕಲ್ಲಿಗಿಂತ ಎಷ್ಟೋ ಭಾರ, ಅಲ್ಲಿ ಗುರುತ್ವ ಸಮೀಕ್ಷೆಗೆ ಅರ್ಥವಿದೆ. ಇಡೀ ಪ್ರದೇಶದ ಅಂತರ್ಜಲ ವರ್ಷದಿಂದ ವರ್ಷಕ್ಕೆ ಎಷ್ಟು ಕುಸಿಯಿತು ಎಂದು 2002ರಿಂದ ಉಪಗ್ರಹಗಳು ಗುರುತ್ವದಿಂದಲೇ ಲೆಕ್ಕ ಹಾಕಿವೆ. ಆದರೆ ನಿಮಗೆ ಬೇಕಿರುವುದು ಪ್ರದೇಶದ ಲೆಕ್ಕವಲ್ಲ, ರಿಗ್ ಲಾರಿ ನಿಲ್ಲಿಸುವ ಜಾಗ.

ಅದಕ್ಕೆ ಇರುವ ದಾರಿ ಹಳೆಯದು, ಅಷ್ಟೇನೂ ಆಕರ್ಷಕವಲ್ಲ. ನೆಲಕ್ಕೆ ನಾಲ್ಕು ಗೂಟ ಹೊಡೆದು ವಿದ್ಯುತ್ ಹರಿಸಿ ಅಡ್ಡಿ ಅಳೆಯುವ ವಿದ್ಯುತ್ ರೋಧ ಸಮೀಕ್ಷೆ. ಗರಸು ಎಷ್ಟು ಆಳಕ್ಕಿದೆ, ಕಲ್ಲು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಅದು ತಕ್ಕಮಟ್ಟಿಗೆ ಹೇಳುತ್ತದೆ, ನೀರು ಈ ಅಡ್ಡಿಯನ್ನು ನಿಜಕ್ಕೂ ಬದಲಿಸುವುದರಿಂದ. ಆಳದ ಸಣ್ಣ ಬಿರುಕು ಇದಕ್ಕೂ ತಪ್ಪಿಹೋಗುತ್ತದೆ. ಸವುಳು ನೆಲದಲ್ಲಿ, ತಂತಿಬೇಲಿಯ ಪಕ್ಕದಲ್ಲಿ ಇದು ದಾರಿ ತಪ್ಪಿಸುತ್ತದೆ. ಒಳ್ಳೆಯ ಭೂವಿಜ್ಞಾನಿ "ಇಲ್ಲಿ ಕೊರೆಸಬಹುದು, ಖಾತ್ರಿಯಿಲ್ಲ" ಎನ್ನುತ್ತಾರೆ, ಇಂಚಿನ ಲೆಕ್ಕ ಹೇಳುವುದಿಲ್ಲ. ಜಿಲ್ಲಾ ಕೇಂದ್ರದ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ನಿಮ್ಮ ಐದೂ ಬೋರುಗಳ ಆಳ, ಕೇಸಿಂಗ್ ಎಷ್ಟು ಅಡಿ ಇಳಿಯಿತು, ಎಷ್ಟು ಅಡಿಗೆ ಯಾವ ಬಣ್ಣದ ಪುಡಿ ಬಂತು ಎಂದು ನೆನಪಿದ್ದಷ್ಟು ಬರೆದುಕೊಂಡು ಹೋಗಿ. ಯಾವ ಯಂತ್ರಕ್ಕೂ ಸಿಗದ ಮಾಹಿತಿ ನಿಮ್ಮ ಹತ್ತಿರ ಈಗಾಗಲೇ ಇದೆ, ಅದಕ್ಕೆ ನೀವು ಲಕ್ಷಗಟ್ಟಲೆ ಕೊಟ್ಟಿದ್ದೀರಿ.

ಆರನೆಯ ಬೋರಿನ ಬದಲು ಕೃಷಿ ಹೊಂಡ ತೋಡಿ, ಮಳೆ ನೀರನ್ನು ಇಂಗಿಸಿ, ಇರುವ ಒಂದೂವರೆ ಇಂಚನ್ನು ಹನಿ ನೀರಾವರಿಯಲ್ಲಿ ಮಿತವಾಗಿ ಬಳಸುವುದು ಇನ್ನೊಂದು ದಾರಿ. ಫಲ ನಿಧಾನ, ಮಳೆ ಕೈಕೊಟ್ಟ ವರ್ಷ ಅದೂ ಕೈಕೊಡುತ್ತದೆ. ಆದರೆ ಇಂಗಿದ ನೀರು ಧೂಳಾಗಿ ಮೇಲೆ ಬರುವುದಿಲ್ಲ. ನನ್ನ ದುಡ್ಡಾಗಿದ್ದರೆ ನಾನು ಇಲ್ಲಿ ಹಾಕುತ್ತಿದ್ದೆ.

ಪೆಟ್ಟಿಗೆಯವರನ್ನು ಪರೀಕ್ಷಿಸಲೇಬೇಕು ಎಂದು ಮನಸ್ಸು ಎಳೆದರೆ, ದುಡ್ಡು ಕೊಡದೆ ಹೀಗೆ ಮಾಡಿ. ಹೊಲದಲ್ಲಿ ಹತ್ತು ಗೂಟ ನೆಟ್ಟು ಅಂಕಿ ಹಾಕಿ. ಒಂದೊಂದರ ಮೇಲೂ ಪೆಟ್ಟಿಗೆ ಹೇಳುವ ಆಳ, ಇಂಚು ಬರೆದುಕೊಳ್ಳಿ. ವಾರ ಬಿಟ್ಟು, ಗೂಟಗಳ ಅಂಕಿ ಕಿತ್ತು, ಅವರ ಬಳಿ ಹಳೆಯ ಕಾಗದ ಇರದಂತೆ ಬೇರೆ ಕ್ರಮದಲ್ಲಿ ಮತ್ತೆ ನಡೆಸಿ. ಆರುನೂರು ಅಡಿ ಕೆಳಗಿನ ಕಲ್ಲು ಒಂದು ವಾರದಲ್ಲಿ ಜಾಗ ಬದಲಿಸುವುದಿಲ್ಲ, ಎರಡು ಪಟ್ಟಿ ಹೊಂದಬೇಕು. ಒಪ್ಪದೆ "ಇವತ್ತು ವಾತಾವರಣ ಸರಿಯಿಲ್ಲ" ಎಂದರೆ ಅದೂ ಒಂದು ಉತ್ತರವೇ. ಪರೀಕ್ಷೆಗೆ ಇರುವ ಒಂದು ಅಪಾಯವನ್ನೂ ಹೇಳಬೇಕು: ಅಕಸ್ಮಾತ್ತಾಗಿ ಎರಡು ಮೂರು ಗೂಟ ಹೊಂದಿದರೆ ನಂಬುವ ಮನಸ್ಸಿಗೆ ಅಷ್ಟೇ ಸಾಕಾಗುತ್ತದೆ. ನೋಡಲು ಮಗಳನ್ನು ಕೂರಿಸಿ, ನೀವು ಕೂರಬೇಡಿ.

ಅಕ್ಕನ ಮಗನ ಆರು ಲಕ್ಷದ ಬಗ್ಗೆ ಪರೀಕ್ಷೆಯೂ ಬೇಡ. ಪಾಯಿಂಟಿಗೆ ಕೊಟ್ಟ ದುಡ್ಡು ಹೋದರೆ ನಿಮ್ಮದು ಮಾತ್ರ ಹೋಗುತ್ತದೆ. ಏಜೆನ್ಸಿ ಹಿಡಿದರೆ ನಾಳೆ ಎರಡು ತಾಲ್ಲೂಕಿನ ರೈತರು ಹುಡುಕಿಕೊಂಡು ಬರುವುದು ಅವನ ಮನೆಗೆ. ಮಗಳಿಗೆ ಈ ವಿಷಯದಲ್ಲಿ ಆಸಕ್ತಿಯಿದ್ದರೆ ಅದು ಬೇರೆ ಮಾತು. ಕೇಂದ್ರ ಸರ್ಕಾರದ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ ಆರು ಸಾವಿರ ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿದೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಣ್ಣನೆಯ ಪರಮಾಣುಗಳ ಮೇಲೆ ಕೆಲಸ ನಡೆಯುತ್ತಿದೆ. ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಅವಳಿಗೆ ನಿಜವಾದ ಬಲೆ ನೋಡುವ ಅವಕಾಶ ಸಿಗಬಹುದು.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ಬರೀ ಧೂಳು ಬಂದ ಆ ಮೂರು ಬೋರುಗಳ ಬಾಯಿ ಮುಚ್ಚಿದ್ದೀರಾ ಎಂದು ಬರೆದಿಲ್ಲ. ಮೇಲೆ ಗೋಣಿಚೀಲ ಹಾಕಿ ಕಲ್ಲು ಇಟ್ಟಿದ್ದರೆ ಅದು ಮುಚ್ಚಿದಂತಲ್ಲ, ಮಕ್ಕಳು ಆಡುವ ಜಾಗ. ಕೇಸಿಂಗಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ, ಅಥವಾ ಭೂವಿಜ್ಞಾನಿ ಬಂದಾಗ ಅವನ್ನು ನೀರಿಂಗಿಸಲು ಬಳಸಬಹುದೇ ಎಂದು ಕೇಳಿ. ಅವರು ಬರುವವರೆಗೂ ಕಾಯದೆ, ಮುಚ್ಚಳವನ್ನಂತೂ ಈ ವಾರವೇ ಹಾಕಿಸಿ.